ಒಂದು ದಿನದ ಟೂರ್ನಿಗೆ ಯಾವ ರೂಲ್‌ಬುಕ್? ಪ್ರಾಚೀನ ಯುದ್ಧದ ಮಿನಿಯೇಚರ್ ಆಟಗಳ ಒಂದು ವಿಮರ್ಶೆ

ಭಾನುವಾರ ಒಂದೇ ದಿನ, ಎಂಟು ಮಂದಿ, ಬಾಡಿಗೆಗೆ ಸಿಕ್ಕ ಒಂದು ಹಾಲ್, ಸಂಜೆ ಆರಕ್ಕೆ ಗದಗಿನವರೂ ಹಾವೇರಿಯವರೂ ಬಸ್ ಹಿಡಿಯಬೇಕು. ಹುಬ್ಬಳ್ಳಿ-ಧಾರವಾಡದಲ್ಲಿ ಮಿನಿಯೇಚರ್ ಯುದ್ಧದ, ಅಂದರೆ ಟೇಬಲ್ ಮೇಲೆ ಪುಟ್ಟ ಬೊಂಬೆಗಳ ಸೇನೆ ನಡೆಸುವ ಆಟದ, ಟೂರ್ನಿ ಇಡುವವರು ರೂಲ್‌ಬುಕ್ ಆರಿಸುವಾಗ ಮೊದಲು ಈ ಲೆಕ್ಕ ಹಿಡಿಯಬೇಕು, ಇತಿಹಾಸದ ಸೊಗಸು ಆಮೇಲೆ. ಮನೆಯಲ್ಲಿ ಆಟ ಮುಗಿಯದಿದ್ದರೆ ಚಹಾ ಕುಡಿದು ಎದ್ದರಾಯಿತು. ಟೂರ್ನಿಯಲ್ಲಿ ಮುಗಿಯದ ಆಟಕ್ಕೂ ಅಂಕ ಹಾಕಬೇಕು, ಜಗಳ ಹುಟ್ಟುವುದು ಅಲ್ಲೇ.

ಹೊಸಬರಿಗೆ ಒಂದು ಮಾತು. ಈ ಹವ್ಯಾಸದಲ್ಲಿ ‘ಪ್ರಾಚೀನ’ ಎಂದರೆ ಸುಮಾರು ಕ್ರಿ.ಪೂ. 3000ದಿಂದ ಕ್ರಿ.ಶ. 1500ರವರೆಗೆ. ಸುಮೇರಿಯದ ರಥ, ರೋಮನ್ ಲೀಜನ್, ರಾಷ್ಟ್ರಕೂಟರ ಆನೆ ಎಲ್ಲ ಒಂದೇ ಬುಟ್ಟಿಯಲ್ಲಿ. ಬೊಂಬೆಗಳು ಹೆಚ್ಚಾಗಿ 15 ಮಿ.ಮೀ. ಎತ್ತರದವು; ಎರಡೋ ಮೂರೋ ನಾಲ್ಕೋ ಸೇರಿಸಿ ಒಂದು ಬೇಸಿನ, ಅಂದರೆ ಚಿಕ್ಕ ಆಯತಾಕಾರದ ತುಂಡಿನ, ಮೇಲೆ ಅಂಟಿಸಿರುತ್ತಾರೆ.

ಮೊದಲು ಡಿಬಿಎ, ಪೂರ್ತಿ ಹೆಸರು ಡಿ ಬೆಲ್ಲಿಸ್ ಆಂಟಿಕ್ವಿಟಾಟಿಸ್. ಇಂಗ್ಲೆಂಡಿನ ವಾರ್‌ಗೇಮ್ಸ್ ರಿಸರ್ಚ್ ಗ್ರೂಪ್ 1990ರಲ್ಲಿ ಹೊರತಂದದ್ದು, 3.0 ಆವೃತ್ತಿ ಬಂದದ್ದು 2014ರಲ್ಲಿ. ಯಾವ ಸೇನೆಯಾದರೂ ಸರಿ, 12 ಬೇಸ್. ಅಂದರೆ ನಲವತ್ತರ ಆಜುಬಾಜು ಬೊಂಬೆ, ಒಂದು ಸಿಹಿತಿಂಡಿ ಡಬ್ಬಿಯಲ್ಲಿ ಹಿಡಿಸುತ್ತವೆ. ಸರದಿ ಬಂದಾಗ ಒಂದು ದಾಳ ಉರುಳಿಸಬೇಕು. ಎಷ್ಟು ಬಿತ್ತೋ ಅಷ್ಟು ‘ಪಿಪ್’. ಒಂದು ಪಿಪ್‌ಗೆ ಒಂದು ಬೇಸ್ ಅಥವಾ ಸಾಲಾಗಿ ನಿಂತ ಒಂದು ಗುಂಪು ಚಲಿಸಬಹುದು. ನಾಲ್ಕು ಬೇಸ್ ಕಳೆದುಕೊಂಡು, ಎದುರಾಳಿಗಿಂತ ಹೆಚ್ಚು ಕಳೆದುಕೊಂಡಿದ್ದರೆ ಸೋಲು. ಕೈ ಪಳಗಿದವರಿಗೆ ಒಂದು ಆಟ ಮುಕ್ಕಾಲರಿಂದ ಒಂದು ತಾಸು.

ಗಡಿಯಾರದ ಲೆಕ್ಕ ಹೀಗೆ: ಬೆಳಗ್ಗೆ 9:30ಕ್ಕೆ ಶುರು, ಆಟಕ್ಕೆ 60 ನಿಮಿಷ, ಫಲಿತಾಂಶ ಬರೆದು ಟೇಬಲ್ ಬದಲಿಸಲು 15 ನಿಮಿಷ, ಊಟಕ್ಕೆ 45. ನಾಲ್ಕು ಸುತ್ತು ಮುಗಿದರೂ ಮಧ್ಯಾಹ್ನ 3:15. ಎಂಟು ಮಂದಿಗೆ ಸೋಲಿಲ್ಲದ ಒಬ್ಬ ವಿಜೇತ ಸಿಗಲು ಮೂರು ಸುತ್ತು ಸಾಕು, ನಾಲ್ಕನೆಯದು ಎರಡು-ಮೂರನೇ ಸ್ಥಾನದ ತಕರಾರಿಗೆ. ಬಸ್ಸಿಗೆ ಮುಂಚೆ ಮಿರ್ಚಿ-ಗಿರ್ಮಿಟ್ಟಿಗೂ ಹೊತ್ತು ಉಳಿಯುತ್ತದೆ.

ಹಾಗಾದರೆ ಡಿಬಿಎಯ ದೋಷ ಏನು? ಎರಡು. ಮೊದಲನೆಯದು ಬರವಣಿಗೆ. ಒಂದೊಂದು ವಾಕ್ಯದ ಹೊಟ್ಟೆಯಲ್ಲಿ ಮೂರು ಷರತ್ತು, ಎರಡು ವಿನಾಯಿತಿ. ಆಸ್ತಿ ಖರೀದಿ ಪತ್ರ ಓದಿದ ಹಾಗೆ ಅಲ್ಪವಿರಾಮವನ್ನೂ ಬಿಡದೆ ಓದಬೇಕು. ಎರಡನೆಯದು ಮಿಲಿಮೀಟರ್. ಇದನ್ನು ಒಂದು ಹೋರಾಟದಲ್ಲೇ ನೋಡಬಹುದು.

ನಿಮ್ಮದು ಗಟ್ಟಿ ಸಾಲಿನ ಈಟಿಯವರ ಬೇಸ್, ಕಾಲಾಳಿನ ವಿರುದ್ಧ ಅದರ ಬಲ 4. ಎದುರಿಗೆ ಕತ್ತಿಯವರು, ಬಲ 5. ಇಬ್ಬರೂ ದಾಳ ಹಾಕಿ ಬಲಕ್ಕೆ ಕೂಡಿಸುತ್ತಾರೆ. ಕಡಿಮೆ ಬಂದವರು ಹಿಂದೆ ಸರಿಯುತ್ತಾರೆ. ಎದುರಾಳಿಯ ಮೊತ್ತದ ಅರ್ಧ ಅಥವಾ ಅದಕ್ಕೂ ಕಡಿಮೆ ಬಂದರೆ ಬೇಸೇ ನಾಶ. ನಿಮಗೆ 1 ಬಿತ್ತು, ಅವರಿಗೆ 6. ನಿಮ್ಮದು 5, ಅವರದು 11. ಹನ್ನೊಂದರ ಅರ್ಧ ಐದೂವರೆ, ಬೇಸ್ ಹೋಯಿತು. ಆದರೆ 3.0ದಲ್ಲಿ ಪಕ್ಕಕ್ಕೆ ಇನ್ನೊಂದು ಗಟ್ಟಿ ಈಟಿ ಬೇಸ್ ಅದೇ ದಿಕ್ಕಿಗೆ ಮುಖ ಮಾಡಿ, ಮುಂದಿನ ಮೂಲೆಗೆ ಮೂಲೆ ಮುಟ್ಟಿ ನಿಂತಿದ್ದರೆ ಒಂದು ಹೆಚ್ಚು ಸಿಗುತ್ತದೆ. ಆಗ ನಿಮ್ಮದು 6, ಐದೂವರೆಗಿಂತ ಮೇಲೆ. ಬೇಸ್ ಹಿಂದೆ ಸರಿದು ಬದುಕುತ್ತದೆ. ಸೋಲಿಗೆ ನಾಲ್ಕೇ ಬೇಸ್ ಸಾಕಾಗಿರುವಾಗ, ಆ ಮೂಲೆ ಮುಟ್ಟಿದೆಯೋ ಇಲ್ಲವೋ ಎಂಬುದರ ಬೆಲೆ ಸೋಲಿನ ಕಾಲು ಪಾಲು.

“ಮುಟ್ಟೇತಲ್ರೀ.”
“ಎಲ್ಲಿ ಮುಟ್ಟೇತ್ರಿ? ನಡುವ ಕಾಗದ ತೂರಿಸಿ ನೋಡ್ರಿ.”

ಇದು ಆಡುವವರ ಹಟ ಮಾತ್ರವಲ್ಲ, ಬೇಸ್ ಕತ್ತರಿಸಿದವರ ತಪ್ಪೂ ಹೌದು. 15 ಮಿ.ಮೀ. ಬೊಂಬೆಗೆ ಬೇಸಿನ ಅಗಲ 40 ಮಿ.ಮೀ. ಇರಬೇಕು. ಕೈಯಿಂದ ಕತ್ತರಿಸಿದ ರಟ್ಟು 41 ಬರುತ್ತದೆ. ಎಂಟು ಬೇಸಿನ ಸಾಲಿನಲ್ಲಿ 8 ಮಿ.ಮೀ. ಏರುಪೇರು, ಕೊನೆಯ ಬೇಸ್ ಯಾವ ಎದುರಾಳಿಗೂ ನೇರ ಕೂಡುವುದಿಲ್ಲ. ಮೇಲೆ ಅಂಟು ಮತ್ತು ಮರಳು ಅಂಚು ದಾಟಿ ಉಬ್ಬಿದ್ದರಂತೂ ಮುಗಿಯಿತು. 2 ಮಿ.ಮೀ. ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ಅನ್ನು ಲೇಸರ್ ಕಟಿಂಗ್ ಅಂಗಡಿಗೆ ಕೊಟ್ಟು ಒಮ್ಮೆಗೇ ಎಲ್ಲರಿಗೂ ಕತ್ತರಿಸಿಕೊಳ್ಳುವುದು ಉತ್ತಮ: ಈಟಿ, ಕತ್ತಿಯವರಿಗೆ 40×15, ಕುದುರೆಗೆ 40×30, ಆನೆಗೆ 40×40. ಆಳ ಒಂದೆರಡು ಮಿ.ಮೀ. ಹೆಚ್ಚಾದರೆ ನಡೆಯುತ್ತದೆ, ಅಗಲ ಹೆಚ್ಚಾಗಬಾರದು. ಮಳೆಗಾಲದಲ್ಲಿ ಎಂಡಿಎಫ್ ತೇವ ಹೀರಿ ಅಂಚು ಉಬ್ಬುತ್ತದೆ. ಅಂಟಿಸುವ ಮೊದಲು ಎರಡೂ ಬದಿಗೆ ವಾರ್ನಿಷ್ ಹೊಡೆಯಿರಿ. ಟೂರ್ನಿಯ ನಿಯಮದಲ್ಲೂ ಒಂದು ಸಾಲು ಇರಲಿ: ‘ಬೇಸಿನ ಕತ್ತರಿಕೆಯಿಂದ ಬಂದ ಸಂದನ್ನು ಮುಟ್ಟಿದಂತೆಯೇ ಎಣಿಸತಕ್ಕದ್ದು.’ ಈ ಒಂದು ಸಾಲು ಅರ್ಧ ತಕರಾರು ತಿನ್ನುತ್ತದೆ.

ಆವೃತ್ತಿಯನ್ನೂ ಮೊದಲೇ ಸಾರಬೇಕು. ಹಳೆಯ 2.2 ಕಲಿತವರು ಈಟಿಯ ಬೇಸನ್ನು ಸರದಿಗೆ 2 ಇಂಚು, ಅಂದರೆ 50 ಮಿ.ಮೀ. ನಡೆಸುತ್ತಾರೆ, 3.0ದಲ್ಲಿ ಎರಡು ಬೇಸಿನಗಲ, 80 ಮಿ.ಮೀ. ಹಳೆಯ ಅಳತೆಪಟ್ಟಿ ತಂದವರಿಗೆ ಎದುರಾಳಿ ಓಡಿಬಂದಂತೆ ಕಾಣುತ್ತದೆ.

ಎರಡನೆಯದು ಫ್ರಾನ್ಸಿನ ಲಾರ್ ದ ಲಾ ಗೇರ್, ಆಟಗಾರರ ಬಾಯಲ್ಲಿ ಎಡಿಎಲ್‌ಜಿ. ನಾಲ್ಕನೇ ಆವೃತ್ತಿ 2021ರದು. ಟೂರ್ನಿಯ ಸೇನೆ 200 ಅಂಕ, ಇಪ್ಪತ್ತರ ಸುಮಾರು ತುಕಡಿಗಳು, ಮೂರು ದಂಡು, ಮೂವರು ದಂಡನಾಯಕರು. 15 ಮಿ.ಮೀ.ಗೆ ಟೇಬಲ್ 120×80 ಸೆಂ.ಮೀ. ಸೇನಾಪಟ್ಟಿಗಳೆಲ್ಲ ಪುಸ್ತಕದಲ್ಲೇ ಇವೆ, ಬೇರೆ ಕೊಳ್ಳಬೇಕಿಲ್ಲ.

ಇದರ ಜಾಣತನ ಇರುವುದು ಆಜ್ಞೆಯ ದಾಳದಲ್ಲಿ. ಪ್ರತಿ ದಂಡನಾಯಕನಿಗೂ ಒಂದೊಂದು ದಾಳ. ಬಿದ್ದದ್ದನ್ನು ಅರ್ಧ ಮಾಡಿ ಮೇಲಕ್ಕೆ ಏರಿಸುತ್ತಾರೆ. ಅಂದರೆ 1-2ಕ್ಕೆ ಒಂದು, 3-4ಕ್ಕೆ ಎರಡು, 5-6ಕ್ಕೆ ಮೂರು. ಅದರ ಮೇಲೆ ನಾಯಕನ ಯೋಗ್ಯತೆಯ ಅಂಕ. ಡಿಬಿಎಯಲ್ಲಿ ಅದೃಷ್ಟದ ಅಂತರ 1ರಿಂದ 6. ಇಲ್ಲಿ 1ರಿಂದ 3. ಡಿಬಿಎಯಲ್ಲಿ ಸತತ ಮೂರು ಸಲ 1 ಬಿದ್ದವರು ಕೈಕಟ್ಟಿ ಕೂಡಬೇಕು, ಇಲ್ಲಿ ಏನಾದರೂ ಮಾಡಲು ಇದ್ದೇ ಇರುತ್ತದೆ. ಹೊಡೆತವೂ ಹಂತ ಹಂತವಾಗಿ: ಭಾರಿ ಕಾಲಾಳಿನ ತುಕಡಿಗೆ ನಾಲ್ಕು ಪೆಟ್ಟು ತಡೆಯುವ ಶಕ್ತಿ, ಒಂದೇ ದಾಳಕ್ಕೆ ಸಾಯುವುದು ಅಪರೂಪ. ನಾಶವಾದ ತುಕಡಿಗೆ ಎರಡು, ಪೆಟ್ಟು ತಿಂದು ನಿಂತದ್ದಕ್ಕೆ ಒಂದು ಎಂದು ನಷ್ಟ ಎಣಿಸುವುದರಿಂದ, ಮುಗಿಯದ ಆಟದಲ್ಲೂ ಯಾರು ಮೇಲು ಎಂಬುದು ಕಣ್ಣಿಗೆ ಕಾಣುತ್ತದೆ. ಅಂಪೈರಿಗೆ ಇದಕ್ಕಿಂತ ದೊಡ್ಡ ಉಪಕಾರ ಬೇರೆ ಇಲ್ಲ.

ಒಂದು ಸುತ್ತಿಗೆ 2 ತಾಸು 15 ನಿಮಿಷ ಬೇಕು, ಎಣಿಕೆಗೆ 15 ನಿಮಿಷ. ಮೂರು ಸುತ್ತು, ಊಟ ಸೇರಿ 9:30ಕ್ಕೆ ಶುರುವಾದದ್ದು 5:45ಕ್ಕೆ ಮುಗಿಯುತ್ತದೆ, ಅದೂ ಯಾರೂ ತಡಮಾಡದಿದ್ದರೆ. ಊರಿನವರೇ ಇದ್ದರೆ ಸೈ, ಹೊರಗಿನವರಿದ್ದರೆ ಎರಡು ದಿನದ ಟೂರ್ನಿಗೆ ಮಾತ್ರ ಇದು ಸರಿ. ಪೆಟ್ಟಿನ ಗುರುತು ಬಿಲ್ಲೆಗಳು ಟೇಬಲ್ ತುಂಬ ಚೆಲ್ಲುವುದು ಇದರ ಇನ್ನೊಂದು ಕಿರಿಕಿರಿ. ತುಕಡಿ ಸರಿಸುವಾಗ ಬಿಲ್ಲೆ ಹಿಂದೆ ಉಳಿದು, ಮುಂದಿನ ಸರದಿಗೆ ಪಕ್ಕದವರ ಪಾಲಾಗುತ್ತದೆ. ಬಿಲ್ಲೆಯನ್ನು ಬೇಸಿನ ಹಿಂದಂಚಿಗೇ ಸಿಕ್ಕಿಸುವ ಹಾಗೆ ಮಾಡಿಕೊಂಡರೆ ಈ ಕಾಟ ಇಲ್ಲ.

ಟ್ರಯಂಫ್ ಅಮೆರಿಕದ್ದು, ಡಿಬಿಎಯ ತಂಗಿ ಎನ್ನಬಹುದು. ಸೇನೆ 48 ಅಂಕ, ಒಂದೊಂದು ಬೇಸಿಗೆ 2, 3 ಅಥವಾ 4. ದಾಳ, ಪಿಪ್ಪಿನಂಥ ಆಜ್ಞೆ ಎಲ್ಲ ಅದೇ ಜಾಡು, ಆದರೆ ಬರವಣಿಗೆ ತಿಳಿಯಾಗಿದೆ, ಚಿತ್ರಗಳಿವೆ. ಸೇನಾಪಟ್ಟಿಗಳು ಮೆಶ್‌ವೆಶ್ ಎಂಬ ಜಾಲತಾಣದಲ್ಲಿ ಪುಕ್ಕಟೆ. ಡಿಬಿಎಯ ಬೇಸ್‌ಗಳೇ ಸಾಕು. ಎಲ್ಲರೂ ಹೊಸಬರಾಗಿದ್ದರೆ ಡಿಬಿಎಗಿಂತ ಇದನ್ನೇ ಮೊದಲು ಕೈಗೆತ್ತಿಕೊಳ್ಳಬೇಕು. ಡಿಬಿಎ ಬಲ್ಲವರು ನಾಲ್ಕು ಮಂದಿ ಈಗಾಗಲೇ ಇದ್ದರೆ ಬದಲಿಸುವ ಅಗತ್ಯ ಕಾಣುವುದಿಲ್ಲ.

ಟು ದಿ ಸ್ಟ್ರಾಂಗೆಸ್ಟ್ ಬೇರೆಯದೇ ಜಾತಿ. ಟೇಬಲ್ ಮೇಲೆ ಚೌಕದ ಮನೆಗಳು, ಅಳತೆಪಟ್ಟಿಯೇ ಬೇಡ, ದಾಳದ ಬದಲು ಇಸ್ಪೀಟು. ಎಕ್ಕದಿಂದ ಹತ್ತರವರೆಗಿನ ಎಲೆ ಮಾತ್ರ. ಎಕ್ಕ ಬಂದರೆ ಆಜ್ಞೆ ವಿಫಲ. ಅದೇ ತುಕಡಿಗೆ ಮತ್ತೆ ಆಜ್ಞೆ ಕೊಡಬೇಕಾದರೆ ಹಿಂದಿನದಕ್ಕಿಂತ ಕಡಿಮೆಯಲ್ಲದ ಎಲೆ ಬರಬೇಕು. ಮುಟ್ಟಿದೆಯೋ ಇಲ್ಲವೋ ಎಂಬ ಜಗಳಕ್ಕೆ ಜಾಗವೇ ಇಲ್ಲ. ಮತ್ತೇಕೆ ಎಲ್ಲರೂ ಇದನ್ನೇ ಆಡಬಾರದು? ಏಪ್ರಿಲ್‌ನಲ್ಲಿ ಹುಬ್ಬಳ್ಳಿಯ ಹಾಲ್ ಒಳಗೆ ಫ್ಯಾನ್ ಬಂದ್ ಮಾಡಿ ಕೂಡಲಾಗದು, ಫ್ಯಾನ್ ಹಾಕಿದರೆ ಎಲೆಗಳು ಹಾರಿ ಯಾವ ತುಕಡಿಗೆ ಯಾವ ಎಲೆ ಎಂಬುದೇ ತಪ್ಪುತ್ತದೆ. ಗಿರ್ಮಿಟ್ ತಿಂದ ಎಣ್ಣೆಗೈ ತಗುಲಿದರೆ ಗುರುತಿನ ಇಸ್ಪೀಟು ಆಗುತ್ತದೆ, ಬೆನ್ನು ನೋಡಿಯೇ ಎಕ್ಕ ಹೇಳಬಹುದು. ಸಂಖ್ಯೆ ಬರೆದ ಮರದ ಬಿಲ್ಲೆಗಳನ್ನು ಚೀಲದಿಂದ ಎತ್ತುವುದು ಇಲ್ಲಿಗೆ ಒಗ್ಗುವ ದಾರಿ.

2008ರ ಫೀಲ್ಡ್ ಆಫ್ ಗ್ಲೋರಿ ಮತ್ತು 2007ರ ಡಿಬಿಎಂಎಂ ರೂಲ್‌ಬುಕ್‌ಗಳ ಬಗ್ಗೆ ಉದ್ದ ಬರೆಯುವ ಅಗತ್ಯವಿಲ್ಲ. ಎರಡರಲ್ಲೂ ಓದಿನ ಸುಖ ಉಂಟು, ಯುದ್ಧದ ಸೂಕ್ಷ್ಮ ಉಂಟು. ಆದರೆ ಒಂದು ಆಟ ಮೂರು ತಾಸು ದಾಟುತ್ತದೆ, ಬೊಂಬೆ ಎರಡು-ಮೂರು ಪಟ್ಟು ಬೇಕು. ಇಬ್ಬರು ಪರಿಣತರು ರಜೆಯ ದಿನ ಮನೆಯಲ್ಲಿ ಆಡಲಿ.

ಟೇಬಲ್ಲಿನ ವಿಷಯ. ಹಾಲ್‌ಗಳಲ್ಲಿ ಸಿಗುವ ಊಟದ ಟೇಬಲ್ ಸಾಮಾನ್ಯವಾಗಿ 6 ಅಡಿ ಉದ್ದ, 18 ಇಂಚು ಅಗಲ. ಎರಡನ್ನು ಜೋಡಿಸಿದರೆ 36 ಇಂಚು, ಆದರೆ ನಡುವೆ ಮೆಟ್ಟಿಲು ಬೀಳುತ್ತದೆ, ಆನೆ ವಾಲುತ್ತದೆ. ಅದರ ಮೇಲೆ ಪ್ಲೈವುಡ್ ಹಾಸಬೇಕು. 8×4 ಅಡಿಯ ಒಂದು ಹಲಗೆಯಿಂದ ಡಿಬಿಎಯ 60×60 ಸೆಂ.ಮೀ. ಮೈದಾನ ಎಂಟು ಬರುತ್ತವೆ. ಅದೇ ಹಲಗೆಯಿಂದ ಎಡಿಎಲ್‌ಜಿಯ 120×80 ಮೂರು. ಗರಗಸದ ಸವೆತಕ್ಕೂ ಎರಡರಲ್ಲೂ ಜಾಗ ಉಳಿಯುತ್ತದೆ. 6 ಮಿ.ಮೀ. ಹಲಗೆ ಡೊಂಕಾಗುತ್ತದೆ, 12 ಮಿ.ಮೀ. ತರಿಸಿ. ಡಿಬಿಎ ಹಲಗೆಯನ್ನು ಒಂಟಿ ಟೇಬಲ್ ಮೇಲಿಟ್ಟರೆ ಎರಡೂ ಬದಿಗೆ ಸುಮಾರು ಮೂರು ಇಂಚು ಹೊರಚಾಚುತ್ತದೆ. ಯಾರದೋ ಮೊಣಕೈ ಊರಿದರೆ ಎರಡೂ ಸೇನೆ ನೆಲಕ್ಕೆ.

ಇನ್ನು ಯಾವ ಕಾಲ? ನಮ್ಮ ಕಡೆಯವರಿಗೆ ಸಹಜವಾಗಿ ಚಾಲುಕ್ಯ, ರಾಷ್ಟ್ರಕೂಟರನ್ನು ಇಳಿಸುವ ಆಸೆ. ಇಮ್ಮಡಿ ಪುಲಕೇಶಿ ಹರ್ಷನನ್ನು ತಡೆದ ಮಾತು 634ರ ಐಹೊಳೆ ಶಾಸನದಲ್ಲಿದೆ. 949ರಲ್ಲಿ ತಕ್ಕೋಲದಲ್ಲಿ ರಾಷ್ಟ್ರಕೂಟರ ಪರ ಬೂತುಗ ಚೋಳ ರಾಜಾದಿತ್ಯನನ್ನು ಕೊಂದದ್ದು ಆತಕೂರು ಶಾಸನದಲ್ಲಿದೆ. ಆದರೆ ಡಿಬಿಎ ಇವರೆಲ್ಲರನ್ನೂ ‘ಹಿಂದೂ ಇಂಡಿಯನ್’ ಎಂಬ ಒಂದೇ ತಲೆಬರಹದಡಿ ತುರುಕಿದೆ, ಕ್ರಿ.ಶ. 545ರಿಂದ 1510ರವರೆಗೆ. ಉಪಪಟ್ಟಿಗಳಿದ್ದರೂ 965 ವರ್ಷ ಒಂದೇ ಗಂಟು. ಪುಲಕೇಶಿಗೂ ಹರ್ಷನಿಗೂ, ರಾಷ್ಟ್ರಕೂಟ ಮೂರನೇ ಕೃಷ್ಣನಿಗೂ ಚೋಳನಿಗೂ ಹೆಚ್ಚುಕಡಿಮೆ ಅದೇ ಆನೆ, ಅದೇ ಬಿಲ್ಲಾಳು. ಕನ್ನಡಿ ನೋಡಿ ಹೋರಾಡಿದ ಹಾಗೆ, ನಾಲ್ಕು ಸುತ್ತಿಗೆ ಬೇಜಾರು ಬರುತ್ತದೆ. ಹಾವೇರಿ-ಗದಗಿನ ವೀರಗಲ್ಲುಗಳನ್ನು ನೋಡಿ ಬೊಂಬೆಗೆ ಬಣ್ಣ ಹಾಕುವವರೂ ಒಂದು ನೆನಪಿಡಬೇಕು: ಅವುಗಳಲ್ಲಿ ಎಷ್ಟೋ ತುರುಗೋಳಿನ ಜಗಳದವು. ಗುರಾಣಿ, ಕತ್ತಿ, ತುರುಬಿನ ಆಕಾರಕ್ಕೆ ಅವು ಚಿನ್ನದಂಥ ಆಧಾರ, ಸೇನೆಯ ಲೆಕ್ಕಕ್ಕೆ ಆಗುವುದಿಲ್ಲ.

ಮೊದಲ ಟೂರ್ನಿಗೆ ಕ್ರಿ.ಪೂ. 500ರಿಂದ ಕ್ರಿ.ಶ. 476 ಎಂದು ಬೇಲಿ ಹಾಕಿ. ಕ್ರಿ.ಪೂ. 326ರಲ್ಲಿ ಅಲೆಕ್ಸಾಂಡರನಿಗೂ ಪೋರಸ್‌ಗೂ ನಡೆದ ಝೇಲಂ ಕಾಳಗದ ಎರಡೂ ಪಕ್ಷ, ಮೌರ್ಯರು, ಕಾರ್ತೇಜ್, ರೋಮ್, ಪಾರ್ಥಿಯ ಎಲ್ಲ ಇದರೊಳಗೆ ಬರುತ್ತವೆ, ಹೆಚ್ಚಿನವು ಒಂದರಂತೆ ಇನ್ನೊಂದಿಲ್ಲ. ಬೇಲಿ ಹಾಕದಿದ್ದರೆ ಅಸಿರಿಯದ ರಥ ಹದಿನೈದನೇ ಶತಮಾನದ ಕವಚಧಾರಿ ಕುದುರೆ ಸವಾರರ ಎದುರು ಬಂದು ನಿಲ್ಲುತ್ತದೆ.

ಒಂದು ದಿನಕ್ಕೆ ಡಿಬಿಎ 3.0, ಎರಡು ದಿನಕ್ಕೆ ಎಡಿಎಲ್‌ಜಿ. ಡಿಬಿಎ ಆದರೆ ಅಂಕ ಹೀಗಿರಲಿ: ಗೆದ್ದವರಿಗೆ 6, ಸೋತವರಿಗೆ ಕೊಂದ ಬೇಸಿಗೆ ಅರ್ಧರ್ಧ, ಹೆಚ್ಚೆಂದರೆ 2, ಸಮಯ ಮುಗಿದರೆ ಇಬ್ಬರಿಗೂ ಬರೀ 2. ಗೆಲ್ಲುವವರು ಎಳೆದಾಡುವುದು ಆಗ ಲಾಭದ ಮಾತಲ್ಲ. 50ನೇ ನಿಮಿಷಕ್ಕೆ ಅಂಪೈರ್ ಕೂಗಬೇಕು, 55ರ ನಂತರ ಹೊಸ ಸರದಿ ಶುರುಮಾಡುವಂತಿಲ್ಲ. ಆದರೆ ಎರಡನೆಯವರಾಗಿ ಆಡುತ್ತಿರುವವರಿಗೆ ಸಮಸಮ ಸರದಿ ಸಿಕ್ಕಿರಬೇಕು. ದಾಳ ಇಬ್ಬರಿಗೂ ಒಂದೇ ಜೋಡಿ, ಹಾಲ್‌ನವರೇ ಕೊಡಬೇಕು. ಬಟ್ಟೆಯ ಸುಕ್ಕಿನ ಮೇಲೆ ಓರೆಯಾಗಿ ನಿಂತ ದಾಳವನ್ನು ಮತ್ತೆ ಹಾಕಬೇಕು ಎಂಬುದನ್ನೂ ಹಿಂದಿನ ದಿನವೇ ಬರೆದು ಕಳಿಸಿ.