ಖಾತೆ ಬದಲಿಸಿದವರು ಯಾರು: ಲಿನಕ್ಸ್ ಸರ್ವರ್‌ನ ನಾಲ್ಕು ದಾಖಲೆಗಳ ಹೋಲಿಕೆ

ಹಲವರು ಸೇರಿ ನೋಡಿಕೊಳ್ಳುವ ಲಿನಕ್ಸ್ ಸರ್ವರ್‌ನಲ್ಲಿ ಪರಿಚಯವಿಲ್ಲದ ಬಳಕೆದಾರ ಖಾತೆಯೊಂದು ಕಣ್ಣಿಗೆ ಬಿದ್ದಾಗ, ಅದು ಯಾವಾಗ ಸೃಷ್ಟಿಯಾಯಿತು ಎಂಬುದನ್ನು ಹೇಗೋ ತಿಳಿಯಬಹುದು. ಸೃಷ್ಟಿಸಿದವರು ಯಾರು ಎಂಬುದೇ ಕಷ್ಟದ ಪ್ರಶ್ನೆ. ನನ್ನ ಹೊಣೆಯಲ್ಲಿದ್ದ ಒಂದು ಸರ್ವರ್‌ನಲ್ಲಿ ಸೂಡೊ ಗುಂಪಿಗೆ (ನಿರ್ವಾಹಕರ ಅಧಿಕಾರದಲ್ಲಿ ಆಜ್ಞೆ ಕೊಡಬಲ್ಲವರ ಗುಂಪು) ಸೇರಿಕೊಂಡಿದ್ದ ಅಂಥ ಖಾತೆಯ ಮೂಲ ಕೊನೆಗೂ ಪತ್ತೆಯಾಗಲಿಲ್ಲ. ಆ ಬಳಿಕ ಪ್ರಯೋಗಕ್ಕೆಂದೇ ಒಂದು ವರ್ಚುವಲ್ ಯಂತ್ರವನ್ನು ಸಿದ್ಧಪಡಿಸಿ, ಆತ್ ಲಾಗ್ (ಲಾಗಿನ್ ಮತ್ತು ಅಧಿಕಾರ ಬಳಕೆಯ ಪಠ್ಯ ದಾಖಲೆ), ಸಿಸ್ಟಂಡಿ ಜರ್ನಲ್ (ವ್ಯವಸ್ಥೆಯ ಸಂದೇಶಗಳ ದಾಖಲೆ), ಆಡಿಟ್‌ಡಿ (ವ್ಯವಸ್ಥೆಯ ತಿರುಳಾದ ಕರ್ನೆಲ್ ಗಮನಿಸಿದ ಘಟನೆಗಳ ದಾಖಲೆ) ಮತ್ತು ಇಟಿಸಿಕೀಪರ್ (ಸಂರಚನಾ ಕಡತಗಳ ಬದಲಾವಣೆಗಳ ದಾಖಲೆ) ನಾಲ್ಕನ್ನೂ ಏಕಕಾಲದಲ್ಲಿ ಚಾಲನೆಯಲ್ಲಿಟ್ಟೆ. ಖಾತೆ ಸೇರಿಸುವುದು, ಅದನ್ನು ಸೂಡೊ ಗುಂಪಿಗೆ ಹಾಕುವುದು, ಪಾಸ್‌ವರ್ಡ್ ಬದಲಿಸುವುದು, ಖಾತೆ ಅಳಿಸುವುದು ಇವಿಷ್ಟನ್ನೂ ಮಾಡಿ, ಕೊನೆಯಲ್ಲಿ ಖಾತೆಗಳ ಪಟ್ಟಿಯಿರುವ ಪಾಸ್‌ಡಬ್ಲ್ಯೂಡಿ ಕಡತವನ್ನು ವಿಮ್ ಎಂಬ ಪಠ್ಯ ಸಂಪಾದಕದಲ್ಲಿ ತೆರೆದು ಒಂದು ಖಾತೆಯ ಯುಐಡಿಯನ್ನು (ಬಳಕೆದಾರ ಸಂಖ್ಯೆ) 1004ರಿಂದ 0ಗೆ ತಿದ್ದಿದೆ. ಈ ಕೊನೆಯ ತಿದ್ದುಪಡಿಯಿಂದ ಆ ಖಾತೆಗೆ ರೂಟ್‌ನ, ಅಂದರೆ ಸರ್ವೋಚ್ಚ ನಿರ್ವಾಹಕ ಖಾತೆಯ, ಸಕಲ ಅಧಿಕಾರವೂ ದೊರೆಯುತ್ತದೆ.

ಓದಲು ಎಲ್ಲಕ್ಕಿಂತ ಸುಲಭವಾದದ್ದು ಆತ್ ಲಾಗ್. ಲಿನಕ್ಸ್‌ನ ರೆಡ್ ಹ್ಯಾಟ್ ಕುಟುಂಬದಲ್ಲಿ ಇದೇ ಕಡತದ ಹೆಸರು ಸೆಕ್ಯೂರ್. ಖಾತೆ ಸೇರಿಸುವ ಯೂಸರ್‌ಆ್ಯಡ್ ಆಜ್ಞೆ ಬರೆಯುವ ಒಂದೇ ಸಾಲಿನಲ್ಲಿ ಖಾತೆಯ ಹೆಸರು, ಯುಐಡಿ, ಜಿಐಡಿ (ಗುಂಪಿನ ಸಂಖ್ಯೆ), ಹೋಮ್ ಡೈರೆಕ್ಟರಿ, ಶೆಲ್ (ಆಜ್ಞೆಗಳನ್ನು ಸ್ವೀಕರಿಸುವ ಪ್ರೋಗ್ರಾಂ) ಎಲ್ಲವೂ ಇರುತ್ತವೆ. ಆದರೆ ಆ ಸಾಲಿನಲ್ಲಿ ಆಜ್ಞೆ ಕೊಟ್ಟವರ ಹೆಸರಿಲ್ಲ. ಸೂಡೊ ಮೂಲಕ ನೇರವಾಗಿ ಯೂಸರ್‌ಆ್ಯಡ್ ಓಡಿಸಿದ್ದರೆ ಹತ್ತಿರದ ಸೂಡೊ ಸಾಲನ್ನು ನೋಡಿ ಹೆಸರನ್ನು ಹೊಂದಿಸಿಕೊಳ್ಳಬಹುದು. ಯಾರಾದರೂ ಮೊದಲು ಸೂಡೊದಿಂದ ರೂಟ್ ಶೆಲ್‌ಗೆ ಹೋಗಿ, ಅರ್ಧ ಗಂಟೆಯ ನಂತರ ಅಲ್ಲಿಂದ ಆಜ್ಞೆ ಕೊಟ್ಟರೆ, ಆ ಎಳೆ ಅಲ್ಲಿಗೇ ಕಡಿದುಹೋಗುತ್ತದೆ. ವಿಮ್‌ನಲ್ಲಿ ನಾನು ಮಾಡಿದ ತಿದ್ದುಪಡಿಯ ಬಗ್ಗೆ ಇದರಲ್ಲಿ ಒಂದಕ್ಷರವೂ ದಾಖಲಾಗಿರಲಿಲ್ಲ. ಇದಕ್ಕಿಂತ ಹೆಚ್ಚು ನನ್ನನ್ನು ಕಾಡಿದ ಸಂಗತಿ ಇನ್ನೊಂದಿದೆ. ಯಾವ ಅಧಿಕಾರವೂ ಇಲ್ಲದ ಸಾಮಾನ್ಯ ಖಾತೆಯಿಂದ ದಾಖಲೆಗೆ ಸಾಲು ಬರೆಸುವ ಲಾಗರ್ ಆಜ್ಞೆಗೆ ಯೂಸರ್‌ಆ್ಯಡ್ ಎಂಬ ಗುರುತನ್ನು ಅಂಟಿಸಿ, ಇಲ್ಲದ ಖಾತೆಯೊಂದರ ಹೆಸರಿನಲ್ಲಿ ಸಾಲು ಬರೆಸಿದೆ. ಆ ಸುಳ್ಳು ಸಾಲು ನಿಜವಾದ ಸಾಲುಗಳ ಪಕ್ಕದಲ್ಲಿ ಸ್ವಲ್ಪವೂ ಬೇರೆಯಾಗಿ ಕಾಣದಂತೆ ಬಂದು ಕುಳಿತಿತು. ಡೆಬಿಯನ್ 12ರಿಂದೀಚೆಗೆ ಆತ್ ಲಾಗ್ ಬರೆಯುವ ಆರ್‌ಸಿಸ್‌ಲಾಗ್ ತಾನಾಗಿ ಅನುಸ್ಥಾಪನೆಯಾಗುವುದಿಲ್ಲ, ಆದ್ದರಿಂದ ಈ ಕಡತವೇ ಇಲ್ಲದಿರಬಹುದು ಎಂಬುದನ್ನೂ ಗಮನದಲ್ಲಿಡಬೇಕು.

ಅದೇ ಸುಳ್ಳು ಸಾಲನ್ನು ಜರ್ನಲ್‌ನಲ್ಲಿ ವಿವರವಾದ ರೂಪದಲ್ಲಿ ತೆರೆದಾಗ ಬಣ್ಣ ಬಯಲಾಯಿತು. ಅಂಡರ್‌ಸ್ಕೋರ್‌ನಿಂದ ಆರಂಭವಾಗುವ ಕ್ಷೇತ್ರಗಳನ್ನು ಸಂದೇಶ ಕಳಿಸಿದ ಪ್ರೋಗ್ರಾಂ ತುಂಬುವುದಿಲ್ಲ, ಜರ್ನಲ್ ತಾನೇ ತುಂಬುತ್ತದೆ. ಅವುಗಳಲ್ಲಿ ಪ್ರೋಗ್ರಾಂ ಲಾಗರ್ ಎಂದೂ, ಯುಐಡಿ ಆ ಸಾಮಾನ್ಯ ಖಾತೆಯದೆಂದೂ ಸ್ಪಷ್ಟವಾಗಿತ್ತು. ಅಲ್ಲೇ ಮೊದಲು ಲಾಗಿನ್ ಆದವರನ್ನು ತೋರಿಸುವ ಲಾಗಿನ್ ಯುಐಡಿಯ ಕ್ಷೇತ್ರವೂ ಇರುವುದರಿಂದ, ಜರ್ನಲ್ ಒಂದೇ ಸಾಕು ಎಂದು ಒಂದು ಹಂತದಲ್ಲಿ ನನಗೆ ಅನಿಸಿತ್ತು. ಆದರೆ ಯೂಸರ್‌ಆ್ಯಡ್‌ನಂಥ ಪ್ರೋಗ್ರಾಂಗಳು ಕ್ಷಣಾರ್ಧದಲ್ಲಿ ಮುಗಿದುಹೋಗುತ್ತವೆ, ಜರ್ನಲ್ ವಿವರ ಸಂಗ್ರಹಿಸಲು ಹೋಗುವಷ್ಟರಲ್ಲಿ ಆ ಪ್ರಕ್ರಿಯೆಯೇ ಇಲ್ಲದಿದ್ದರೆ ಕೆಲವು ಕ್ಷೇತ್ರಗಳು ಖಾಲಿ ಉಳಿಯುತ್ತವೆ. ಬೇಕಾದಾಗಲೇ ಇಲ್ಲವಾಗಬಹುದಾದ ಸಾಕ್ಷಿಯನ್ನು ಏಕೈಕ ಆಧಾರವಾಗಿ ಇಟ್ಟುಕೊಳ್ಳಲಾಗದು. ಕೈಯಿಂದ ಮಾಡಿದ ತಿದ್ದುಪಡಿ ಇದಕ್ಕೂ ಕಾಣಲಿಲ್ಲ.

ಆಡಿಟ್‌ಡಿ ಕೆಲಸ ಮಾಡುವ ರೀತಿಯೇ ಬೇರೆ. ಪ್ರೋಗ್ರಾಂ ತಾನಾಗಿ ವರದಿ ಮಾಡಲಿ ಎಂದು ಅದು ಕಾಯುವುದಿಲ್ಲ; ಖಾತೆ, ಪಾಸ್‌ವರ್ಡ್, ಗುಂಪು, ಸೂಡೊ ಅನುಮತಿಗಳಿರುವ ಪಾಸ್‌ಡಬ್ಲ್ಯೂಡಿ, ಶ್ಯಾಡೋ, ಗ್ರೂಪ್, ಸೂಡೊಅರ್ಸ್ ಕಡತಗಳ ಮೇಲೆ ಕಾವಲು ನಿಯಮ ಹಾಕಿದರೆ, ಅವುಗಳಿಗೆ ಬರೆದವರನ್ನು ಕರ್ನೆಲ್ ಮಟ್ಟದಲ್ಲೇ ಹಿಡಿದು ದಾಖಲಿಸುತ್ತದೆ. ವಿಮ್ ತಿದ್ದುಪಡಿಯ ದಾಖಲೆಯಲ್ಲಿ ಯುಐಡಿ 0 ಇತ್ತು, ಅದು ಸಹಜವೇ. ಅದರ ಜೊತೆಗಿದ್ದ ಎಯುಐಡಿ (ಲಾಗಿನ್ ಯುಐಡಿ) ಮಾತ್ರ 1000, ಅಂದರೆ ಮೊದಲು ಲಾಗಿನ್ ಆದ ನನ್ನ ಸ್ವಂತ ಖಾತೆ. ಸೂಡೊ, ಎಸ್‌ಯು ಏನನ್ನೇ ದಾಟಿ ರೂಟ್ ಆದರೂ ಈ ಸಂಖ್ಯೆ ಬೆನ್ನು ಬಿಡುವುದಿಲ್ಲ. ನಾನು ಹುಡುಕುತ್ತಿದ್ದ ಉತ್ತರ ಇದೇ ಆಗಿತ್ತು. ಹಾಗೆಂದು ಇದರಲ್ಲಿ ತೊಡಕುಗಳಿಲ್ಲದಿಲ್ಲ. ಆಡಿಟ್‌ಸಿಟಿಎಲ್ ಆಜ್ಞೆಯ ಮೂಲಕ ಹಾಕಿದ್ದ ನನ್ನ ಮೊದಲ ನಿಯಮಗಳು ಯಂತ್ರವನ್ನು ಮರುಚಾಲನೆ ಮಾಡಿದ ಕೂಡಲೇ ಅಳಿಸಿಹೋದವು, ಅದು ನನಗೆ ತಿಳಿದದ್ದು ಎರಡು ದಿನಗಳ ನಂತರ. ರೂಲ್ಸ್‌ಡಿ ಡೈರೆಕ್ಟರಿಯಲ್ಲಿ ಬರೆದಿಟ್ಟರೆ ಮಾತ್ರ ಅವು ಉಳಿಯುತ್ತವೆ. ಕಚ್ಚಾ ದಾಖಲೆಯನ್ನು ನೇರವಾಗಿ ಓದುವುದು ಆಯಾಸದ ಕೆಲಸವಾದ್ದರಿಂದ, ನಿಯಮಕ್ಕೊಂದು ಕೀ (ಗುರುತಿನ ಪದ) ಕೊಟ್ಟು ಹುಡುಕುವ ಆಜ್ಞೆಯಾದ ಎಯುಸರ್ಚ್‌ನಲ್ಲಿ ಅದರಿಂದಲೇ ಹುಡುಕುವುದು ಒಳ್ಳೆಯದು. ಇನ್ನು, ಕಾವಲು ನಿಯಮವು ಕಡತ ಬದಲಾಯಿತು ಎನ್ನುತ್ತದೆಯೇ ಹೊರತು ಯಾವ ಸಾಲು ಬದಲಾಯಿತು ಎನ್ನುವುದಿಲ್ಲ.

ಆ ಸಾಲನ್ನು ತೋರಿಸುವುದು ಇಟಿಸಿಕೀಪರ್. ಸಂರಚನಾ ಕಡತಗಳ ಇಟಿಸಿ ಡೈರೆಕ್ಟರಿಯನ್ನು ಇಡಿಯಾಗಿ ಗಿಟ್‌ನಲ್ಲಿ (ಬದಲಾವಣೆಗಳ ಇತಿಹಾಸ ಇಡುವ ಸಾಧನ) ಇಡುವುದರಿಂದ 1004 ಹೋಗಿ 0 ಬಂದದ್ದು ಡಿಫ್‌ನಲ್ಲಿ (ವ್ಯತ್ಯಾಸದ ಪಟ್ಟಿ) ಕಣ್ಣಿಗೆ ಹೊಡೆದಂತೆ ಕಾಣುತ್ತದೆ. ಆದರೆ ತಾನಾಗಿ ಕಮಿಟ್ ಮಾಡುವುದು (ಬದಲಾವಣೆಯನ್ನು ಇತಿಹಾಸಕ್ಕೆ ಸೇರಿಸುವುದು) ದಿನಕ್ಕೊಮ್ಮೆ ಮತ್ತು ಪ್ಯಾಕೇಜ್‌ಗಳನ್ನು ಅನುಸ್ಥಾಪಿಸುವಾಗ ಮಾತ್ರ. ಬೆಳಿಗ್ಗೆ ತಿದ್ದಿ ಸಂಜೆ ಹಿಂದಿನಂತೆ ಮಾಡಿಟ್ಟರೆ ಇದಕ್ಕೆ ಸುಳಿವೇ ಸಿಗದು. ಶ್ಯಾಡೋ ಕಡತದಲ್ಲಿನ ಪಾಸ್‌ವರ್ಡ್ ಹ್ಯಾಶ್‌ಗಳೂ (ಪಾಸ್‌ವರ್ಡ್‌ನ ಗೂಢರೂಪ) ಇತಿಹಾಸದಲ್ಲಿ ಉಳಿಯುವುದರಿಂದ ಈ ಭಂಡಾರವನ್ನು ಹೊರಗಿನ ಗಿಟ್ ಸರ್ವರ್‌ಗೆ ಎಂದಿಗೂ ಪುಶ್ ಮಾಡಬಾರದು.

ಈಗ ನನ್ನ ಸರ್ವರ್‌ಗಳಲ್ಲಿ ಮುಖ್ಯ ಆಧಾರ ಆಡಿಟ್‌ಡಿ. ರೂಟ್ ಆದವರು ಅಲ್ಲಿನ ಕಡತವನ್ನೇ ಅಳಿಸಬಲ್ಲರಾದ್ದರಿಂದ ಅದರ ದಾಖಲೆಗಳು ಆಗಿಂದಾಗಲೇ ಬೇರೊಂದು ಯಂತ್ರಕ್ಕೆ ಹೋಗುತ್ತವೆ. ಸಾಲು ಸಾಲಿನ ವ್ಯತ್ಯಾಸಕ್ಕೆ ಇಟಿಸಿಕೀಪರ್ ಇದೆ. ಆತ್ ಲಾಗ್ ಅನ್ನು ಕೈಬಿಟ್ಟಿಲ್ಲ, ಅದಕ್ಕೆ ಒಂದು ಕಾರಣವಿದೆ: ಯಾರಾದರೂ ದೂರದಿಂದ ಲಾಗಿನ್ ಆಗುವ ಎಸ್‌ಎಸ್‌ಎಚ್‌ನಲ್ಲಿ ನೇರವಾಗಿ ರೂಟ್ ಹೆಸರಿನಲ್ಲೇ ಒಳಬಂದರೆ ಎಯುಐಡಿಯೂ 0 ಆಗಿಬಿಡುತ್ತದೆ, ಆಗ ಬಳಸಿದ ಕೀಲಿಯ ಫಿಂಗರ್‌ಪ್ರಿಂಟ್ ಮತ್ತು ಐಪಿ ವಿಳಾಸ ಸಿಗುವುದು ಎಸ್‌ಎಸ್‌ಎಚ್‌ಡಿ (ಎಸ್‌ಎಸ್‌ಎಚ್‌ನ ಸರ್ವರ್ ಪ್ರೋಗ್ರಾಂ) ಬರೆದ ಸಾಲಿನಲ್ಲಿ. ರೂಟ್‌ನ ನೇರ ಲಾಗಿನ್ ಅನ್ನು ನಾನು ಎಲ್ಲ ಕಡೆಯೂ ನಿಲ್ಲಿಸಿದ್ದೇನೆ. ಹಾಗೆ ನಿಲ್ಲಿಸಲಾಗದ ಸರ್ವರ್‌ನಲ್ಲಿ ಪ್ರತಿಯೊಬ್ಬರಿಗೂ ಪ್ರತ್ಯೇಕ ಕೀಲಿ ಕೊಟ್ಟು, ಯಾವ ಫಿಂಗರ್‌ಪ್ರಿಂಟ್ ಯಾರದೆಂಬ ಪಟ್ಟಿಯನ್ನು ಆ ಸರ್ವರ್‌ನ ಹೊರಗೆ ಇಟ್ಟುಕೊಳ್ಳಬೇಕು.