ರೂಟ್‌ಗೆ ಜಾಗ ಸಾಲದಿದ್ದರೆ: ಸಾದಾ ಪಾರ್ಟಿಶನ್ನೋ, ಎಲ್‌ವಿಎಮ್ಮೋ?

ಲಿನಕ್ಸ್‌ನಲ್ಲಿ ರೂಟ್ ಎಂದರೆ ಸಿಸ್ಟಮ್‌ನ ಎಲ್ಲ ಫೈಲುಗಳ ಬುಡ. ಅದು ಇರುವುದು ಸಾದಾ ಪಾರ್ಟಿಶನ್‌ನಲ್ಲಿ (ಡಿಸ್ಕಿನ ಒಂದು ಭಾಗ), ಇಲ್ಲವೇ ಎಲ್‌ವಿಎಮ್‌ನಲ್ಲಿ (ಡಿಸ್ಕುಗಳ ಜಾಗವನ್ನು ಒಂದೇ ಗ್ರೂಪಾಗಿ ಕೂಡಿಸಿ ವಾಲ್ಯೂಮ್‌ಗಳಾಗಿ ಹಂಚುವ ವ್ಯವಸ್ಥೆ). ವರ್ಚುವಲ್ ಮೆಷಿನ್‌ಗಳ ಡಿಸ್ಕನ್ನು 40 ಜಿಬಿಯಿಂದ 60ಕ್ಕೆ ಏರಿಸಿ ಎರಡೂ ದಾರಿ ಹಿಡಿದು ನೋಡಿದೆವು. ಫೈಲ್ ಸಿಸ್ಟಮ್ (ಡಿಸ್ಕಿನ ಮೇಲೆ ಫೈಲುಗಳನ್ನು ಜೋಡಿಸಿಡುವ ವಿಧಾನ) ಎರಡರಲ್ಲೂ ಎಕ್ಸ್‌ಟ್4.

ಸಾದಾ ಪಾರ್ಟಿಶನ್ ಆದರೆ ಮೊದಲು ನೋಡಬೇಕಾದದ್ದು, ರೂಟ್‌ನ ಬೆನ್ನಿಗೇ ಖಾಲಿ ಜಾಗ ಇದೆಯೇ ಎಂದು. ಇದ್ದರೆ ಗ್ರೋಪಾರ್ಟ್ ಕಮಾಂಡಿನಿಂದ ಪಾರ್ಟಿಶನ್, ಆಮೇಲೆ ರಿಸೈಜ್2ಎಫ್‌ಎಸ್‌ನಿಂದ ಫೈಲ್ ಸಿಸ್ಟಮ್ ಹಿಗ್ಗಿಸಬೇಕು. ಸಿಸ್ಟಮ್ ನಿಲ್ಲಿಸುವುದೂ ಬೇಡ. ಗ್ರೋಪಾರ್ಟ್‌ಗೆ ಡಿಸ್ಕಿನ ಹೆಸರು, ಪಾರ್ಟಿಶನ್ ಸಂಖ್ಯೆ ಬಿಡಿಬಿಡಿಯಾಗಿ ಕೊಡಬೇಕು, ಕೂಡಿಸಿ ಬರೆದರೆ ಒಪ್ಪದು. ನಡುವೆ ಸ್ವಾಪ್ (ಮೆಮೊರಿ ಸಾಲದಾಗ ಬಳಸುವ ಡಿಸ್ಕ್ ಜಾಗ) ಕೂತಿದ್ದರೆ ತಲೆನೋವು ಶುರು. ಸ್ವಾಪ್‌ಆಫ್ ಮಾಡಿ, ಅಳಿಸಿ, ಡಿಸ್ಕಿನ ಕೊನೆಯಲ್ಲಿ ಹೊಸದಾಗಿ ಮಾಡಬೇಕು. ಬೂಟ್‌ನಲ್ಲಿ ಏನೇನು ಜೋಡಿಸಬೇಕೆಂಬ ಪಟ್ಟಿಯಾದ ಎಫ್‌ಎಸ್‌ಟ್ಯಾಬ್‌ನಲ್ಲಿ ಹಳೆಯ ಯುಯುಐಡಿ (ಗುರುತಿನ ಸಂಖ್ಯೆ) ಹಾಗೇ ಉಳಿದರೆ, ಸಿಸ್ಟಮ್ ಶುರು ಮಾಡುವ ಸಿಸ್ಟಮ್‌ಡಿ ಮುಂದಿನ ಬೂಟ್‌ನಲ್ಲಿ ಇಲ್ಲದ ಸ್ವಾಪ್‌ಗಾಗಿ 90 ಸೆಕೆಂಡ್ ಕಾಯುತ್ತದೆ. ಖಾಲಿ ಜಾಗ ರೂಟ್‌ಗಿಂತ ಮೊದಲೇ ಇದ್ದರಂತೂ ಲೈವ್ ಯುಎಸ್‌ಬಿಯಿಂದ (ಪೆನ್‌ಡ್ರೈವ್‌ನಿಂದಲೇ ಓಡುವ ಲಿನಕ್ಸ್) ಪಾರ್ಟಿಶನ್ ತಿದ್ದುವ ಜಿಪಾರ್ಟೆಡ್ ತೆರೆಯಬೇಕು. ಆರಂಭದ ಗಡಿ ಸರಿಸಿದರೆ ಡೇಟಾ ಪೂರ್ತಿ ಜಾಗ ಬದಲಿಸುತ್ತದೆ. ನಡುವೆ ಕರೆಂಟ್ ಹೋದರೆ ಬ್ಯಾಕಪ್ಪೇ ಗತಿ.

ಎಲ್‌ವಿಎಮ್‌ನಲ್ಲಿ ಒಂದು ಮೆಟ್ಟಿಲು ಹೆಚ್ಚು: ಗ್ರೋಪಾರ್ಟ್, ಹೊಸ ಜಾಗವನ್ನು ಎಲ್‌ವಿಎಮ್‌ಗೆ ತಿಳಿಸುವ ಪಿವಿರಿಸೈಜ್, ವಾಲ್ಯೂಮ್ ಹಿಗ್ಗಿಸುವ ಎಲ್‌ವಿಎಕ್ಸ್‌ಟೆಂಡ್. ಕೊನೆಯದಕ್ಕೆ ‘-ಆರ್’ ಸೇರಿಸಿದರೆ ಫೈಲ್ ಸಿಸ್ಟಮ್ ಕೂಡ ಬೆಳೆಯುತ್ತದೆ. ಬಿಟ್ಟರೆ ವಾಲ್ಯೂಮ್‌ಗಳ ಪಟ್ಟಿ ಕೊಡುವ ಎಲ್‌ವಿಎಸ್ ಹೊಸ ಅಳತೆ ತೋರಿಸುತ್ತದೆ, ಫೈಲ್ ಸಿಸ್ಟಮ್‌ನ ಜಾಗ ಹೇಳುವ ಡಿಎಫ್ ಹಳೆಯದನ್ನೇ. ಜಾಗ ಎಲ್ಲಿದೆ ಎಂಬ ಚಿಂತೆ ಇಲ್ಲಿಲ್ಲ. ಎರಡನೇ ಡಿಸ್ಕನ್ನೂ ವಿಜಿಎಕ್ಸ್‌ಟೆಂಡ್‌ನಿಂದ ಸೇರಿಸಬಹುದು. ಆದರೆ ಎರಡರ ಮೇಲೂ ಹರಡಿದ ವಾಲ್ಯೂಮ್, ಒಂದು ಡಿಸ್ಕ್ ಕೆಟ್ಟರೂ ಹೋದಂತೆಯೇ. ಅಂದಹಾಗೆ, ಉಬುಂಟು ಸರ್ವರ್ ಇನ್‌ಸ್ಟಾಲರ್ ಎಲ್‌ವಿಎಮ್ ಆರಿಸಿದಾಗ ಸಾಮಾನ್ಯವಾಗಿ ಗ್ರೂಪಿನ ಒಂದಿಷ್ಟು ಜಾಗ ಹಂಚದೆ ಬಿಡುತ್ತದೆ. ಡಿಸ್ಕ್ ಕೊಳ್ಳುವ ಮುನ್ನ ವಿಜಿಎಸ್ ಓಡಿಸಿ ಗ್ರೂಪಿನಲ್ಲಿ ಎಷ್ಟು ಖಾಲಿ ಇದೆ ನೋಡಿ.

ಕಿರಿದು ಮಾಡುವಾಗಲೇ ಅಪಾಯ ಜಾಸ್ತಿ. ಎಕ್ಸ್‌ಟ್4 ಅನ್ನು ಅನ್‌ಮೌಂಟ್ ಮಾಡಿಯೇ (ಬಳಕೆಯಿಂದ ಬಿಡಿಸಿಯೇ) ಕುಗ್ಗಿಸಬೇಕು. ರೂಟ್ ಆದರೆ ಲೈವ್ ಯುಎಸ್‌ಬಿ. ಮೊದಲು ಫೈಲ್ ಸಿಸ್ಟಮ್, ಆಮೇಲೆ ವಾಲ್ಯೂಮ್. ವಾಲ್ಯೂಮ್ ಕುಗ್ಗಿಸುವ ಎಲ್‌ವಿರಿಡ್ಯೂಸ್‌ಗೆ ‘-ಆರ್’ ಕೊಟ್ಟರೆ ಈ ಕ್ರಮ ತಾನೇ ಪಾಲಿಸುತ್ತದೆ. ಕೊಡದೆ, ಹಳೆಯ ಆವೃತ್ತಿಗಳಲ್ಲಿ ಬರುವ ಎಚ್ಚರಿಕೆಗೆ ‘ವೈ’ ಒತ್ತಿದರೆ ಫೈಲ್ ಸಿಸ್ಟಮ್‌ನ ಬಾಲ ಕತ್ತರಿಸಿದಂತೆ. ಎಲ್‌ವಿರಿಸೈಜ್‌ನಲ್ಲಿ ‘+10ಜಿ’ ಎಂದರೆ ಹತ್ತು ಕೂಡಿಸು. ಪ್ಲಸ್ ಬಿಟ್ಟರೆ ಒಟ್ಟು ಹತ್ತಕ್ಕೆ ಇಳಿಸು. ಅದಕ್ಕೇ ಹೆಚ್ಚಿಸಲು ಎಲ್‌ವಿಎಕ್ಸ್‌ಟೆಂಡ್ ಬಳಸುವುದೇ ಲೇಸು, ಅದು ಕಿರಿದು ಮಾಡಲು ಒಪ್ಪುವುದಿಲ್ಲ.

ರೆಡ್ ಹ್ಯಾಟ್ ಎಂಟರ್‌ಪ್ರೈಸ್ ಲಿನಕ್ಸ್ 7ರಿಂದ ಡೀಫಾಲ್ಟ್ ಫೈಲ್ ಸಿಸ್ಟಮ್ ಎಕ್ಸ್‌ಎಫ್‌ಎಸ್. ಅದು ಮೌಂಟ್ ಆಗಿರುವಾಗಲೇ ಬೆಳೆಯುತ್ತದೆ, ಆದರೆ ಕುಗ್ಗಿಸಬೇಕೆಂದರೆ ಬ್ಯಾಕಪ್ ತೆಗೆದು, ಫಾರ್ಮ್ಯಾಟ್ ಮಾಡಿ, ಮರಳಿ ತುಂಬುವುದೇ ನಂಬುವಂಥ ದಾರಿ. ಹಾಗಾಗಿ ಅಲ್ಲಿ ಎಲ್ಲ ಜಾಗವನ್ನೂ ಆರಂಭದಲ್ಲೇ ಹಂಚಿಬಿಡಬೇಡಿ.

ಸರ್ವರ್‌ಗೆ ನಮ್ಮ ಆಯ್ಕೆ ಎಲ್‌ವಿಎಮ್ ಮೇಲೆ ಎಕ್ಸ್‌ಟ್4. ವಿಂಡೋಸ್ ಜೊತೆ ಡಿಸ್ಕ್ ಹಂಚಿಕೊಂಡ ಲ್ಯಾಪ್‌ಟಾಪ್‌ಗೆ ಸಾದಾ ಪಾರ್ಟಿಶನ್ ಸಾಕು. ಸ್ವಾಪನ್ನು ಮಾತ್ರ ಪಾರ್ಟಿಶನ್ ಬದಲು ಫೈಲ್ ಆಗಿ ಇಡಿ.