ಮರಳಿಗಿಂತ ಹುಲ್ಲೇ ಜಾಸ್ತಿ: ಜೈಸಲ್ಮೇರ್ ಜೀಪ್ ಸಫಾರಿ, ಸೋಲಾಪುರದವಳ ಲೆಕ್ಕದಲ್ಲಿ

ಮೊದಲೇ ಹೇಳಿಬಿಡುತ್ತೇನೆ. ಜೈಸಲ್ಮೇರ್‌ನ ಡೆಸರ್ಟ್ ನ್ಯಾಷನಲ್ ಪಾರ್ಕ್ ನೋಡಲು ಹೋಗುವವರು ಟೆಂಟಿಗೆ ದುಡ್ಡು ಸುರಿಯಬೇಡಿ. ಅದನ್ನು ಒಳ್ಳೆ ಜೀಪಿಗೆ, ಹಳ್ಳಿಯ ಗೈಡಿಗೆ ಕೊಡಿ. ನಾವು ಎರಡನ್ನೂ ಅನುಭವಿಸಿ ಬಂದಿದ್ದೇವೆ. ಜೀಪಿಗೆ ಐದಕ್ಕೆ ನಾಲ್ಕೂವರೆ ಅಂಕ, ಟೆಂಟಿಗೆ ಒಂದು. ಆ ಒಂದೂ ಬಿಸಿನೀರು ಕೊಟ್ಟಿದ್ದಕ್ಕೆ.

ನಾನು ಸೋಲಾಪುರದಲ್ಲಿ ಕಡಕ್ ರೊಟ್ಟಿ, ಶೇಂಗಾ ಚಟ್ನಿ ಮಾಡಿ ಮಾರುವವಳು. ಹಕ್ಕಿ ಹುಚ್ಚು ನನ್ನದಲ್ಲ, ನಮ್ಮ ಮನೆಯವರದು. ಅವರ ಊರು ಅಕ್ಕಲಕೋಟೆ ಕಡೆ. ಅವರ ಅಜ್ಜನ ಕಾಲದಲ್ಲಿ ಹೊಲದ ಆಚೆಯ ಮಡ್ಡಿಯಲ್ಲೇ, ಅಂದರೆ ಕಲ್ಲು-ಹುಲ್ಲಿನ ಬೀಳು ನೆಲದಲ್ಲೇ, ಮಾಳಢೋಕ ಓಡಾಡುತ್ತಿತ್ತಂತೆ. ಬಳ್ಳಾರಿ ಕಡೆಯವರು ಎರೆಭೂತ ಅಂತಾರಲ್ಲ, ಇಂಗ್ಲಿಷಿನ ಗ್ರೇಟ್ ಇಂಡಿಯನ್ ಬಸ್ಟರ್ಡ್, ಅದೇ ಹಕ್ಕಿ. ಅದಕ್ಕಾಗಿಯೇ 1979ರಲ್ಲಿ ನಮ್ಮ ನಾನ್ನಜದಲ್ಲಿ ಅಭಯಾರಣ್ಯ ಮಾಡಿದರು. ಆಗ ಅದು ಕಾಗದದ ಮೇಲೆ 8,496 ಚದರ ಕಿಲೋಮೀಟರ್. ಊರು, ರಸ್ತೆ, ಕಬ್ಬು ಎಲ್ಲವೂ ಅದರೊಳಗೇ! ಆಮೇಲೆ ಕತ್ತರಿಸಿ 1,222ಕ್ಕೆ ಇಳಿಸಿದರು. ಇವತ್ತು ನಾನ್ನಜಕ್ಕೆ ಹೋದರೆ ಕೃಷ್ಣಮೃಗ ಸಿಗುತ್ತವೆ, ಅದೃಷ್ಟ ಇದ್ದರೆ ತೋಳವೂ ಕಾಣುತ್ತದೆ. ಮಾಳಢೋಕ ಕಣ್ಣಿಗೆ ಬೀಳುವುದು ಮಾತ್ರ ತೀರಾ ಅಪರೂಪ. ಜಗತ್ತಿನಲ್ಲೇ ಉಳಿದಿರುವುದು ಸುಮಾರು 150 ಅಂತಾರೆ. ಅವುಗಳಲ್ಲಿ ಹೆಚ್ಚಿನವು ಜೈಸಲ್ಮೇರ್ ಜಿಲ್ಲೆಯಲ್ಲೇ ಇವೆ. "ಒಮ್ಮೆಯಾದರೂ ನೋಡಬೇಕು" ಅಂತ ಇವರು ಹಟ ಹಿಡಿದರು, ಹೊರಟೆವು. ಪುಣೆಯಲ್ಲಿ ರೈಲು ಬದಲಿಸಿ ಜೋಧ್‌ಪುರ, ಅಲ್ಲಿಂದ ಜೈಸಲ್ಮೇರ್.

ಟೆಂಟಿನ ಮಾತು ಬೇಗ ಮುಗಿಸುತ್ತೇನೆ. ಜೈಸಲ್ಮೇರ್‌ನಿಂದ ಸುಮಾರು 40 ಕಿಲೋಮೀಟರ್ ದೂರದ ಸಮ್ ಮರಳು ದಿಬ್ಬಗಳ ಪಕ್ಕ, ಏಜೆಂಟ್ ಗೊತ್ತು ಮಾಡಿದ ಜಾಗ ಅದು. ಒಂಟೆ ಸವಾರಿ, ಕಾಲ್ಬೇಲಿಯಾ ಕುಣಿತ, ಊಟ, ಎಲ್ಲ ಸೇರಿ ಒಂದೇ ರೇಟು. ಕುಣಿದ ಹೆಣ್ಣುಮಕ್ಕಳು ನಿಜಕ್ಕೂ ಚೆನ್ನಾಗಿ ಕುಣಿದರು. ಅವರನ್ನು ಬೇಗ ಎಬ್ಬಿಸಿ ಕಳಿಸಿ ಡಿಜೆ ಹಾಕಿದರು. ನಮ್ಮೂರ ಗಣಪತಿ ಮೆರವಣಿಗೆಯಲ್ಲಿ ಕೇಳುವ ಹಾಡುಗಳೇ! ಅದನ್ನು ಕೇಳಲು ಅಷ್ಟು ದೂರ ಹೋಗಬೇಕಿತ್ತಾ? ಜನರೇಟರ್ ಸದ್ದು ಬೇರೆ. ಬೆಳಗ್ಗೆ ಎದ್ದು ನೋಡಿದರೆ ದಿಬ್ಬದ ತುಂಬ ನೀರಿನ ಬಾಟಲಿ. ದಾಲ್ ತೆಳ್ಳಗೆ, ಅದೂ ಆರಿ ಹೋಗಿತ್ತು.

ಜೀಪ್ ಗೊತ್ತಾಗಿದ್ದು ನಾವು ಉಳಿದುಕೊಂಡಿದ್ದ ಪೇಟೆಯ ಲಾಡ್ಜ್‌ನವರಿಂದ. ಗೈಡ್ ಹುಡುಗ ಖುರಿ ಹತ್ತಿರದ ಹಳ್ಳಿಯವನು. ಜೀಪು, ಗೈಡು ಸೇರಿ ಅರ್ಧ ದಿನಕ್ಕೆ 3,500 ರೂಪಾಯಿ ತೆಗೆದುಕೊಂಡ. ಅರಣ್ಯ ಇಲಾಖೆಯ ಶುಲ್ಕ ಬೇರೆ. ಪರವಾನಗಿಗೆ ಆಧಾರ್ ಪ್ರತಿ ತೆಗೆದುಕೊಂಡು ಅವನೇ ಓಡಾಡಿದ. ನನ್ನನ್ನು "ಬಾಯಿಸಾ" ಅಂತ ಕರೆಯುತ್ತಿದ್ದ. ಬೆಳಗ್ಗೆ ಐದೂವರೆಗೆ ಹೇಳಿದ್ದ, ಐದೂಕಾಲಿಗೇ ಬಾಗಿಲು ಬಡಿದ. ಇಷ್ಟಕ್ಕೇ ನಾನು ಅರ್ಧ ಒಲಿದುಬಿಟ್ಟೆ.

ದಾರಿಯಲ್ಲಿ ಅವನು ಹೇಳಿದ ಮೊದಲ ಮಾತು, ಇಲ್ಲಿ ದಿಬ್ಬ ಹುಡುಕಬೇಡಿ ಅಂತ. ಪಾರ್ಕ್ ಅಂದರೆ 3,162 ಚದರ ಕಿಲೋಮೀಟರ್, ಜೈಸಲ್ಮೇರ್ ಮತ್ತು ಬಾಡ್‌ಮೇರ್ ಎರಡು ಜಿಲ್ಲೆಗಳಲ್ಲಿ ಹರಡಿದೆ. ಅದರಲ್ಲಿ ಮರಳು ದಿಬ್ಬ ಇರುವುದು ಐದರಲ್ಲಿ ಒಂದು ಪಾಲು. ಉಳಿದದ್ದು ಗಟ್ಟಿ ಕಲ್ಲುನೆಲ, ಗರಸು, ಒಣಗಿದ ಉಪ್ಪಿನ ಬಯಲು, ಮತ್ತೆ ಹುಲ್ಲು. ಸೇವಣ್ ಅನ್ನುವ ಹುಲ್ಲು ಪೊದೆ ಪೊದೆಯಾಗಿ ಎದ್ದು ನಿಂತಿರುತ್ತದೆ. ಮಧ್ಯೆ ಮಧ್ಯೆ ಎಕ್ಕದ ಗಿಡ, ಕೇರ್ ಪೊದೆ, ಅಲ್ಲೊಂದು ಇಲ್ಲೊಂದು ಖೇಜ್ಡಿ ಮರ. ನಮ್ಮ ದಸರೆಯ ಬನ್ನಿ ಮರವೇ ಈ ಖೇಜ್ಡಿ. ಇವರು ಜೀಪಿನಿಂದ ಇಳಿದು ಸುತ್ತ ನೋಡಿ, "ಇದು ನಮ್ಮ ಮಡ್ಡಿನೇ ಅಲ್ವಾ" ಅಂದರು. ನೆಲದ ಬಣ್ಣ ಬೇರೆ, ಅಷ್ಟೇ.

ಇನ್ನೊಂದು ವಿಷಯ. ಹೆಸರಿನಲ್ಲಿ ನ್ಯಾಷನಲ್ ಪಾರ್ಕ್ ಅಂತ ಇದ್ದರೂ, 1980ರಲ್ಲಿ ಘೋಷಣೆಯಾದ ಇದು ಕಾನೂನಿನ ಪ್ರಕಾರ ಈಗಲೂ ಅಭಯಾರಣ್ಯ. ಒಳಗೇ ಹತ್ತಾರು ಹಳ್ಳಿ, ಢಾಣಿ ಅನ್ನುವ ಸಣ್ಣ ಸಣ್ಣ ವಸತಿಗಳಿವೆ. ದನ, ಕುರಿ, ಒಂಟೆ ಎಲ್ಲ ಅಲ್ಲೇ ಮೇಯುತ್ತವೆ. ಹುಲ್ಲು ಉಳಿಯಲಿ ಅಂತ ಅಲ್ಲಲ್ಲಿ ಬೇಲಿ ಹಾಕಿದ್ದಾರೆ. ಸುದಾಸರಿ ಅಂಥದ್ದೇ ಒಂದು ಬೇಲಿಯೊಳಗಿನ ಜಾಗ. ಗೈಡ್ ನಮ್ಮನ್ನು ಕರೆದುಕೊಂಡು ಹೋಗಿದ್ದು ಅಲ್ಲಿಗೇ.

ಮೊದಲು ಚಿಂಕಾರ ಕಂಡವು. ಜೀಪಿಗೆ ಅಷ್ಟೇನೂ ಹೆದರದೆ ನಿಂತು ನೋಡಿದವು. ಒಂದು ಮರುಭೂಮಿ ನರಿ ಬಿಲದ ಬಾಯಲ್ಲಿ ಬಿಸಿಲು ಕಾಯಿಸುತ್ತಿತ್ತು. ಬಿಸಿಲೇರಿದ ಮೇಲೆ ನೀರಿನ ಗುಂಡಿಗೆ ಸ್ಯಾಂಡ್‌ಗ್ರೌಸ್ ಹಕ್ಕಿಗಳು ಹಿಂಡಾಗಿ ಬಂದವು. ಮರಿಗಳಿರುವ ಕಾಲದಲ್ಲಿ ಗಂಡು ಹಕ್ಕಿ ಹೊಟ್ಟೆಯ ಗರಿಗಳನ್ನು ನೀರಲ್ಲಿ ನೆನೆಸಿಕೊಂಡು ಹಾರಿಹೋಗುತ್ತದಂತೆ, ಮರಿಗಳು ಆ ಗರಿಯಿಂದ ನೀರು ಹೀರುತ್ತವಂತೆ. ಗೈಡ್ ಹೇಳಿದಾಗ ನಾನು ನಂಬಲಿಲ್ಲ. ಇವರು ಪುಸ್ತಕ ತೆಗೆದು ತೋರಿಸಿದರು.

ಮಾಳಢೋಕಕ್ಕೆ ತುಂಬ ಹೊತ್ತು ಕಾದೆವು. ಅಲ್ಲಿ ಅದರ ಹೆಸರು ಗೋಡಾವಣ್, 1981ರಿಂದ ರಾಜಸ್ಥಾನದ ರಾಜ್ಯ ಪಕ್ಷಿ. ಕೊನೆಗೆ ದೂರದ ಹುಲ್ಲಿನಲ್ಲಿ ಎರಡು ಕಂಡವು. ಬಿಳಿ ಕುತ್ತಿಗೆ, ಕಪ್ಪು ಟೋಪಿ. ಮದುವೆ ಮನೆಯಲ್ಲಿ ಬೀಗರ ಕಡೆಯ ಹಿರಿಯರು ನಡೆಯುತ್ತಾರಲ್ಲ, ಗಡಿಬಿಡಿಯೇ ಇಲ್ಲದೆ ತಲೆ ಎತ್ತಿಕೊಂಡು, ಹಾಗೆ ನಡೆಯುತ್ತಿದ್ದವು. ಎತ್ತರ ಹೆಚ್ಚುಕಡಿಮೆ ಒಂದು ಮೀಟರ್. ಗಂಡು 15 ಕಿಲೋವರೆಗೂ ತೂಗುತ್ತದೆ, ಹಾರುವ ಹಕ್ಕಿಗಳಲ್ಲಿ ಇಷ್ಟು ಭಾರದವು ಕೆಲವೇ. ಬೈನಾಕ್ಯುಲರ್ ನನ್ನ ಕೈಗೆ ಬರುವುದೇ ಕಷ್ಟವಾಯಿತು, ಇವರು ಬಿಡಬೇಕಲ್ಲ!

ಅಷ್ಟರಲ್ಲಿ ಇನ್ನೊಂದು ಗಾಡಿಯವರು ಬಂದರು. ಫೋಟೋಗೆ ಹತ್ತಿರ ಹೋಗೋಣ, ಜಾಸ್ತಿ ದುಡ್ಡು ಕೊಡ್ತೀವಿ ಅಂತ ನಮ್ಮ ಗೈಡನ್ನೇ ಕೇಳಿದರು. ಅವನು ಇಂಜಿನ್ ಆರಿಸಿ ಕೀಲಿ ಜೇಬಿಗೆ ಹಾಕಿಕೊಂಡ. ಈ ಹಕ್ಕಿ ವರ್ಷಕ್ಕೆ ಸಾಮಾನ್ಯವಾಗಿ ಒಂದೇ ಮೊಟ್ಟೆ ಇಡುತ್ತದೆ, ಅದೂ ಬರೀ ನೆಲದ ಮೇಲೆ. ಓಡಿಸಿದರೆ ಆ ಜಾಗವನ್ನೇ ಬಿಟ್ಟು ಹೋಗಬಹುದು ಅಂತ ಹಿಂದಿಯಲ್ಲಿ ನಿಧಾನವಾಗಿ ತಿಳಿಸಿ ಹೇಳಿದ. ನಾಲ್ಕೂವರೆ ಅಂಕ ಬಂದಿದ್ದು ಇಲ್ಲಿಂದಲೇ.

ವಾಪಸ್ ಬರುವಾಗ ವಿದ್ಯುತ್ ತಂತಿಗಳನ್ನು ತೋರಿಸಿದ. ಗಾಳಿಯಂತ್ರ, ಸೋಲಾರ್ ಎಲ್ಲ ಆ ಜಿಲ್ಲೆಯಲ್ಲಿ ಬೇಕಾದಷ್ಟಿವೆ. ಈ ಹಕ್ಕಿಗೆ ಕಣ್ಣುಗಳಿರುವುದು ತಲೆಯ ಪಕ್ಕದಲ್ಲಿ, ಎದುರಿನದು ಸರಿಯಾಗಿ ಕಾಣುವುದಿಲ್ಲ. ಮೈ ಭಾರ ಬೇರೆ. ತಂತಿ ಹತ್ತಿರ ಬಂದಾಗ ತಿರುಗಲು ಆಗದೆ ಬಡಿದು ಸಾಯುತ್ತದೆ. 2021ರಲ್ಲಿ ಸುಪ್ರೀಂ ಕೋರ್ಟ್ ತಂತಿಗಳನ್ನು ನೆಲದೊಳಗೆ ಹಾಕಿ ಅಂದಿತ್ತು. 2024ರಲ್ಲಿ ಆ ಆದೇಶ ಬದಲಿಸಿ ತಜ್ಞರ ಸಮಿತಿಗೆ ಒಪ್ಪಿಸಿತು. ಹಕ್ಕಿಗೆ ತಂತಿ ಕಾಣಲಿ ಅಂತ ನೇತುಹಾಕಿದ ಬಿಲ್ಲೆಗಳು ಕೆಲವು ಕಡೆ ಕಂಡವು, ಕೆಲವು ಕಡೆ ಇರಲಿಲ್ಲ. ಸಮ್‌ನಲ್ಲಿ 2019ರಿಂದ ಮೊಟ್ಟೆ ತಂದು ಮರಿ ಮಾಡಿಸುವ ಕೇಂದ್ರ ನಡೆಯುತ್ತಿದೆ. 2024ರಲ್ಲಿ ಕೃತಕ ಗರ್ಭಧಾರಣೆಯಿಂದಲೂ ಒಂದು ಮರಿ ಹುಟ್ಟಿತು. ಇವರಿಗೆ ಒಳಗೆ ಹೋಗುವ ಆಸೆ. ಸುಮ್ನೆ ಬನ್ನಿ ಅಂದೆ.

ಈಗ ನನ್ನ ವಿಷಯಕ್ಕೆ ಬರುತ್ತೇನೆ, ಊಟ. ಮಧ್ಯಾಹ್ನ ಗೈಡ್ ತನ್ನ ಮನೆಯಲ್ಲೇ ಉಣಿಸಿದ. ದಪ್ಪ ಸಜ್ಜೆ ರೊಟ್ಟಿ, ಮೇಲೆ ತುಪ್ಪ, ಪಕ್ಕದಲ್ಲಿ ಬೆಲ್ಲ, ಕಢಿ, ಕೇರ್ ಸಾಂಗ್ರಿ ಪಲ್ಯ. ಸಾಂಗ್ರಿ ಅಂದರೆ ಆ ಖೇಜ್ಡಿ ಮರದ ಕಾಯಿ, ಒಣಗಿಸಿ ಇಟ್ಟುಕೊಳ್ಳುತ್ತಾರೆ. ಬರಗಾಲದಲ್ಲಿ ಜೀವ ಉಳಿಸಿದ ಕಾಯಿ ಅದು. 1730ರಲ್ಲಿ ಜೋಧ್‌ಪುರ ಹತ್ತಿರದ ಖೇಜಡ್ಲಿಯಲ್ಲಿ 363 ಬಿಷ್ಣೋಯಿಗಳು ಈ ಮರ ತಬ್ಬಿಕೊಂಡು ಪ್ರಾಣ ಕೊಟ್ಟಿದ್ದು ಯಾಕೆ ಅಂತ ಆ ತಟ್ಟೆ ಮುಂದೆ ಕೂತಾಗ ಸ್ವಲ್ಪ ಅರ್ಥವಾಯಿತು. ಪಲ್ಯಕ್ಕೆ ಪೂರ್ತಿ ಅಂಕ. ರೊಟ್ಟಿ ಬಿಸಿ ಇರುವಾಗ ಅದ್ಭುತ, ಆರಿದ ಮೇಲೆ ಹಲ್ಲಿಗೆ ಕೆಲಸ. ಅವನ ತಾಯಿಗೆ ನನ್ನ ಕಡಕ್ ರೊಟ್ಟಿ ಕೊಟ್ಟೆ. ತಿಂಗಳು ಇಟ್ಟರೂ ಕೆಡಲ್ಲ ಅಂದಾಗ ತಿರುಗಿಸಿ ಮುರಗಿಸಿ ನೋಡಿದರು.

ಊಟಕ್ಕೆ ಹೋಗುವ ದಾರಿಯಲ್ಲಿ ಖಡೀನ್ ತೋರಿಸಿದ್ದು ನನಗೆ ಎಲ್ಲಕ್ಕಿಂತ ಹಿಡಿಸಿತು. ಕಲ್ಲುನೆಲದ ಮೇಲೆ ಬಿದ್ದ ಮಳೆಯನ್ನು ಇಳಿಜಾರಿನ ಕೆಳಗೆ ಉದ್ದ ಒಡ್ಡು ಹಾಕಿ ನಿಲ್ಲಿಸುತ್ತಾರೆ. ನೀರು ಇಂಗಿದ ಮೇಲೆ ಆ ಹಸಿಯಲ್ಲೇ ಗೋಧಿ, ಕಡಲೆ ಬೆಳೆಯುತ್ತಾರೆ. ನಮ್ಮ ಕಪ್ಪು ನೆಲದಲ್ಲಿ ಮಾಲದಂಡಿ ಜೋಳ ಹಿಂಗಾರಿಯಲ್ಲಿ ಬರುವುದೂ ಇದ್ದ ಹಸಿಯಿಂದಲೇ. ಆದರೆ ನಮಗೆ ನೆಲವೇ ನೀರು ಹಿಡಿದಿಡುತ್ತದೆ, ಅವರು ಒಡ್ಡು ಕಟ್ಟಿ ಹಿಡಿಯಬೇಕು. ಪಾಲಿವಾಲ ಬ್ರಾಹ್ಮಣರು ಈ ವಿದ್ಯೆಯಲ್ಲಿ ಪಳಗಿದವರು. 19ನೇ ಶತಮಾನದಲ್ಲಿ ಅವರು ಬಿಟ್ಟು ಹೋದ ಕುಲ್ಧರಾ ಊರನ್ನು ಈಗ ದೆವ್ವದ ಊರು ಅಂತ ಟಿಕೆಟ್ ಕೊಟ್ಟು ತೋರಿಸುತ್ತಾರೆ. ದೆವ್ವದ ಕಥೆ ಬಿಟ್ಟು ಖಡೀನ್ ತೋರಿಸಿದರೆ ಎಷ್ಟೋ ಮೇಲು.

ಸಮಯ ಇದ್ದರೆ ಆಕಲ್ ಪಳೆಯುಳಿಕೆ ಉದ್ಯಾನಕ್ಕೆ ಹೋಗಿ. ಬಾಡ್‌ಮೇರ್ ರಸ್ತೆಯಲ್ಲಿ 17 ಕಿಲೋಮೀಟರ್. ಸುಮಾರು 18 ಕೋಟಿ ವರ್ಷ ಹಿಂದಿನ ಮರಗಳು ಕಲ್ಲಾಗಿ ಬಿದ್ದಿವೆ, ಮೇಲೆ ಕಬ್ಬಿಣದ ಜಾಲರಿ. ವಿವರಿಸುವವರು ಇಲ್ಲದಿದ್ದರೆ ಬರೀ ಕಲ್ಲು ಅನ್ನಿಸಬಹುದು. ಆ ಬಯಲಿನಲ್ಲಿ ಒಂದು ಕಾಲಕ್ಕೆ ದಟ್ಟ ಕಾಡಿತ್ತು ಅಂತ ತಿಳಿದು ನೋಡಿದರೆ ಬೇರೆ.

ನವೆಂಬರ್‌ನಿಂದ ಫೆಬ್ರವರಿ ಒಳ್ಳೆ ಕಾಲ. ಆದರೆ ಆಗ ಸಾಂಡಾ ಹಲ್ಲಿ ತೋರಿಸ್ತೀವಿ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಚಳಿಗೆ ಅದು ಬಿಲದ ಬಾಯಿಗೆ ಮಣ್ಣು ಮುಚ್ಚಿಕೊಂಡು ಮಲಗಿರುತ್ತದೆ. ನಮ್ಮ ಏಜೆಂಟಿನ ಚೀಟಿಯಲ್ಲಿ ಅದೂ ಇತ್ತು. ಗೈಡ್ ಮುಚ್ಚಿದ ಬಿಲ ತೋರಿಸಿ ನಕ್ಕ. ಬೆಳಗಿನ ಚಳಿಗೆ ಸ್ವೆಟರ್ ಸಾಲದು, ನಮ್ಮ ಸೋಲಾಪುರ ಚಾದರವೇ ಕಾಪಾಡಿತು.

ಅರ್ಧ ಅಂಕ ಕಡಿದಿದ್ದು ಜೀಪಿನ ಹಿಂದಿನ ಸೀಟಿಗೆ. ಸ್ಪ್ರಿಂಗ್ ಸತ್ತುಹೋಗಿದೆ, ಸೊಂಟ ನೋವಿರುವವರು ಮುಂದಿನ ಸೀಟು ಕೇಳಿ. ಹೋದ ದಾರಿಯಲ್ಲಿ ನಮಗೆ ಎಲ್ಲೂ ಶೌಚಾಲಯ ಸಿಗಲಿಲ್ಲ. ಹೆಂಗಸರು ಬೆಳಗ್ಗೆ ಅವನು ಕೊಡುವ ಎರಡನೇ ಚಹಾ ಬೇಡ ಅನ್ನುವುದು ಒಳ್ಳೆಯದು, ಎಷ್ಟೇ ಚೆನ್ನಾಗಿದ್ದರೂ.